‘ಬಿಡಿ’ ಅಂದ ಕಂಡಕ್ಟರು

ಅವನು ‘ಬಿಡಿ’ ಅಂದದ್ದು ಡ್ರೈವರಿಗಲ್ಲ, ನನಗೆ. ನಮ್ಮ ಅಕ್ಕನ ಸೊಂಟ ಮುರಿದದ್ದು ಬಸ್ಸಿನಿಂದಲ್ಲ, ನನ್ನ ಕೈಯಿಂದ. ನಡೆದದ್ದು ಇಷ್ಟೇ. ಸುತ್ತಿ ಬಳಸಿ ಹೇಳುವ ತ್ರಾಣ ನನಗೆ ಈಗ ಇಲ್ಲ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ನಮ್ಮನೆಯವರ ಅಣ್ಣನ ಹೆಂಡತಿ. ಒಂದೇ ಮನೆ, ಒಂದೇ ಒಲೆ. ಅವನು ಅಂದರೆ ಕಂಡಕ್ಟರು. ಹೋದ ತಿಂಗಳು ತರೀಕೆರೆಯಲ್ಲಿ ತೀರಿಕೊಂಡ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವನ ಹೆಸರು ಉಳಿಸಲಿಲ್ಲ, ಈಗ ಬರೆದು ಏನಾಗಬೇಕು.

ಕಡೂರಿಂದ ಬೀರೂರು, ಅಜ್ಜಂಪುರದ ಮೇಲೆ ತರೀಕೆರೆಗೆ ಒಂದು ಖಾಸಗಿ ಬಸ್ಸು ಓಡುತ್ತಿತ್ತು. ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಬರುತ್ತಿತ್ತು. ನಮ್ಮೂರು ರಸ್ತೆಯಿಂದ ಒಂದು ಮೈಲಿ ಒಳಗೆ. ಅಜ್ಜಂಪುರ ಬಿಟ್ಟ ಮೇಲೆ ಕೈಮರ ಅಂತ ಒಂದು ಕಡೆ ಇಳಿದು ನಡೆಯಬೇಕು. ಆ ಬಸ್ಸಿಗೆ ಒಂದು ರೋಗ. ಪೂರಾ ನಿಲ್ಲಿಸಿದರೆ ಇಂಜಿನ್ನು ಆರಿಹೋಗುತ್ತಿತ್ತು. ಆರಿತು ಅಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಅದಕ್ಕೆ ಕೈಮರದಂಥ ಸಣ್ಣ ಜಾಗದಲ್ಲಿ ಡ್ರೈವರು ನಿಲ್ಲಿಸುತ್ತಿರಲಿಲ್ಲ. ಮನುಷ್ಯ ನಡೆಯುವಷ್ಟು ನಿಧಾನ ಮಾಡುತ್ತಿದ್ದ. ಇಳಿಯುವವರು ಇಳಿದುಕೊಳ್ಳಬೇಕು.

ಕಂಡಕ್ಟರು ಉದ್ದಕ್ಕೆ ಒಣಕಲಾಗಿದ್ದ. ತಲೆ ಬಸ್ಸಿನ ಸೂರಿಗೆ ತಾಗುತ್ತಿತ್ತು, ಹಾಗಾಗಿ ಯಾವಾಗಲೂ ಕತ್ತು ಬಗ್ಗಿಸಿಕೊಂಡೇ ಇರುತ್ತಿದ್ದ. ಬಸ್ಸಿಂದ ಇಳಿದ ಮೇಲೂ ಕತ್ತು ಹಾಗೇ. ಕಿವಿ ಸಂದಿಯಲ್ಲಿ ಪೆನ್ಸಿಲ್ಲು. ಎಷ್ಟು ಜನ ತುಂಬಿದ್ದರೂ ಯಾವ ಸರಳೂ ಹಿಡಿಯುತ್ತಿರಲಿಲ್ಲ. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ನಿಂತರೆ ಬಸ್ಸು ಎತ್ತಿ ಕುಕ್ಕಿದರೂ ಅಲ್ಲಾಡುತ್ತಿರಲಿಲ್ಲ, ಟಿಕೇಟು ಹರಿಯುವುದೂ ನಿಲ್ಲುತ್ತಿರಲಿಲ್ಲ. ಯಾವ ಮೋರಿ ಹತ್ತಿರ ಡ್ರೈವರು ಬ್ರೇಕು ಒತ್ತುತ್ತಾನೆ ಅಂತ ಡ್ರೈವರಿಗಿಂತ ಮೊದಲೇ ಇವನಿಗೆ ಗೊತ್ತಿರುತ್ತಿತ್ತು. ‘ಹಿಡ್ಕೊಳ್ಳಿ’ ಅನ್ನುತ್ತಿದ್ದ. ಅಂದ ಗಳಿಗೆಗೆ ಬಸ್ಸು ಜಗ್ಗುತ್ತಿತ್ತು.

ಒಂದು ಸಲ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಬಿಳೀ ಪಂಚೆ ಉಟ್ಟು ನಿಂತಿದ್ದರು. ಎಲ್ಲರೂ ಮುಟ್ಟಿದ ಸರಳು ಮುಟ್ಟಲು ಅವರಿಗೆ ಅಸಹ್ಯ.

“ಹಿಡ್ಕೊಳ್ಳಿ ಸ್ವಾಮಿ,” ಅಂದ ಇವನು.

“ನಂಗೆ ಹೇಳ್ಬೇಡವಯ್ಯ, ನಿನ್ನ ಕೆಲಸ ನೋಡು.”

ಬ್ರೇಕು ಬಿತ್ತು. ಗುಮಾಸ್ತರು ಮೂರು ಸೀಟು ದಾಟಿಹೋಗಿ ಮೊಸರಿನ ಮುದುಕಿಯ ತೊಡೆ ಮೇಲೆ ಕೂತರು. ಮುದುಕಿ ಗಡಿಗೆಯನ್ನು ಮೇಲಕ್ಕೆತ್ತಿ ಉಳಿಸಿಕೊಂಡು, “ಕೂತ್ಕೋ ಮಗ, ತರೀಕೆರೆ ಇನ್ನೂ ದೂರ ಐತೆ,” ಅಂದಳು. ಕಂಡಕ್ಟರು ನಗಲಿಲ್ಲ. ಅವರನ್ನು ಎಬ್ಬಿಸಿ, ಪಂಚೆ ಕೊಡವಿ, ಕೈಯನ್ನು ತಾನೇ ತೆಗೆದು ಸರಳಿನ ಮೇಲೆ ಇಟ್ಟ.

ನಾನು ಮೂರನೇ ಕ್ಲಾಸಿಗೆ ಬಿಟ್ಟವಳು. ಅವನು ಎಸ್ಸೆಸ್ಸೆಲ್ಸಿಯವರೆಗೆ ಓದಿ ಇಂಗ್ಲಿಷಿನಲ್ಲಿ ಫೇಲಾಗಿದ್ದ. ಒಂದು ದಿನ ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಸಿಟ್ಟು ಬಂತು.

“ಅಲ್ಲ ಕಣಪ್ಪಾ, ಬ್ರೇಕು ಹಾಕಿದ್ರೆ ಬಸ್ಸು ನಿಲ್ಲೋದು ಸರಿ. ನಾವ್ಯಾಕೆ ಮುಂದುಕ್ಕೆ ಹೋಗಿ ಮೂತಿ ಜಜ್ಜುಸ್ಕೋಬೇಕು?”

“ಅದುಕ್ಕೆ ಪುಸ್ತಕದಲ್ಲಿ ಜಡತ್ವ ಅಂತಾರೆ ಅಮ್ಮಾ.”

“ಜಡ್ಡಾ? ಯಾರಿಗಪ್ಪಾ ಜಡ್ಡು?”

ಬಸ್ಸಿಗೆ ಬಸ್ಸೇ ನಕ್ಕಿತು. ಅವನು ಮಾತ್ರ ನಗದೆ, ನನ್ನ ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ನಡುವಿನ ದಾರಿಯಲ್ಲಿ ನೆಲಕ್ಕಿಟ್ಟ. ಮುಂದಿನ ಮೋರಿಯಲ್ಲಿ ಬಸ್ಸು ಜಗ್ಗಿದಾಗ ಕಾಯಿ ಉರುಳಿಕೊಂಡು ಹೋಗಿ ಡ್ರೈವರಿನ ಸೀಟಿಗೆ ಬಡಿಯಿತು.

“ಕಾಯಿಗೆ ಮುಂದೆ ಹೋಗು ಅಂತ ಯಾರು ಹೇಳಿದ್ರಮ್ಮಾ?”

“ಯಾರು ಹೇಳ್ತಾರೆ?”

“ಯಾರೂ ಹೇಳ್ಲಿಲ್ಲ. ಅದು ಮೊದ್ಲಿಂದ್ಲೂ ಹೋಗ್ತಾನೇ ಇತ್ತು, ಬಸ್ಸಿನ ಜೊತೆ. ಬಸ್ಸು ನಿಂತ್ಕಂತು ಅಂತ ಅದುಕ್ಕೆ ಯಾರೂ ಹೇಳ್ಲಿಲ್ಲ, ಅಷ್ಟೇ. ಹೋಗ್ತಿರೋದು ಹೋಗ್ತಾನೇ ಇರ್ತದೆ, ಯಾರಾದ್ರೂ ಹಿಡಿಯೋತನಕ. ಸುಮ್ನಿರೋದು ಸುಮ್ನೇ ಇರ್ತದೆ, ಯಾರಾದ್ರೂ ನೂಕೋತನಕ.”

“ನಿನ್ನ ಬಸ್ಸಿನ ಹಂಗೆ,” ಅಂದಳು ಅಕ್ಕ. ಆಗ ನಕ್ಕ.

ಅವತ್ತಿನಿಂದ ಬ್ರೇಕಿಗೆ ನಮ್ಮ ಕಡೆಯವರೆಲ್ಲ ಜಡ್ಡು ಅನ್ನುತ್ತಿದ್ದರು. ‘ಜಡ್ಡು ಬಂತು, ಕೂಸು ಹಿಡ್ಕೊಳ್ಳೇ’ ಅನ್ನುವುದು. ಅವನಿಗೆ ‘ಮೇಷ್ಟ್ರು’ ಅಂತ ಹೆಸರಿಟ್ಟರು, ಅಣಕಕ್ಕೆ.

ಅವನು ಹೆಚ್ಚು ತಲೆ ಕೆಡಿಸಿಕೊಂಡದ್ದು ಹೆಂಗಸರು ಇಳಿಯುವುದರ ಮೇಲೆ. ನಮಗೆ ಅಟ್ಟ ಇಳಿದು ಅಭ್ಯಾಸ. ಏಣಿ ಕಡೆ ಮುಖ ಮಾಡಿ, ಬೆನ್ನು ಹೊರಗೆ ಹಾಕಿ, ಒಂದೊಂದೇ ಕಾಲು ಇಳಿಸುವುದು. ಬಸ್ಸಿನಿಂದಲೂ ಹಾಗೇ ಇಳಿಯುತ್ತಿದ್ದೆವು. ಅಟ್ಟ ಓಡುವುದಿಲ್ಲ, ಬಸ್ಸು ಓಡುತ್ತದೆ. ಹಾಗೆ ಇಳಿದು ಮೂರು ಜನ ಹಿಂದಲೆ ಒಡೆದುಕೊಂಡಿದ್ದರು. ಅವನು ಬಾಗಿಲಲ್ಲಿ ನಿಂತು ಪಾಠ ಮಾಡುತ್ತಿದ್ದ. ‘ನಿಂತ ಮೇಲೆ ಇಳೀರಿ. ಇಳ್ದೇ ತೀರ್ತೀನಿ ಅಂದ್ರೆ ಮುಖ ಬಸ್ಸು ಹೋಗೋ ಕಡೆ ಮಾಡಿ. ಎಡಗಾಲು ಮೊದ್ಲು. ಇಳ್ದಿದ್ದೇ ನಿಂತ್ಕಬೇಡಿ, ಬಸ್ಸಿನ ಜೊತೆ ನಾಕು ಹೆಜ್ಜೆ ಓಡಿ. ನಿಮ್ಮ ಮೈಗೆ ಬಸ್ಸು ಬಿಟ್ಟಿದ್ದು ಇನ್ನೂ ಗೊತ್ತಿರಲ್ಲ.’ ಕೊನೆಗೆ ಒಳಗೆ ಕೂತವರಿಗೂ ಒಂದು ಮಾತು: ‘ಇಳಿಯೋರ್ನ ಯಾರೂ ಹಿಡೀಬೇಡಿ. ಬಿದ್ರು ಅನ್ನುಸ್ತದೆ, ಬೀಳಲ್ಲ. ಬಿಟ್ಬಿಡಿ. ಓಡ್ಲಿ.’

ನಾನು ಆ ಕೊನೆಯ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕ ಎಲ್ಲ ಮಾತನ್ನೂ ಕಲಿತಳು. ಐವತ್ತು ದಾಟಿದ್ದಳು, ಆದರೂ ಎಡಗಾಲು ಇಟ್ಟು, ಸೀರೆ ಒಂದು ಗೇಣು ಎತ್ತಿ ಹಿಡಿದು, ಠಕಠಕ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತಿದ್ದಳು. ನಿಂತು, ಹಿಂದೆ ತಿರುಗಿ ಬಸ್ಸಿನ ಕಡೆ ನೋಡುತ್ತಿದ್ದಳು. ಅವನು ಬಾಗಿಲಿನಿಂದ ತಲೆ ಆಡಿಸುತ್ತಿದ್ದ. ಮನೆಯಲ್ಲಿ ಯಾವತ್ತೂ ಯಾರೂ ಅವಳಿಗೆ ಭೇಷ್ ಅಂದಿರಲಿಲ್ಲ, ಅವಳಿಗೆ ಅದೊಂದು ಖುಷಿ.

ಇನ್ನೊಂದು ಮಾತು ಹೇಳಿಬಿಡಬೇಕು. ಅವನು ಊರಾಚೆ ಕೇರಿಯವನು. ಅವರ ಮನೆಯಲ್ಲಿ ಬುದ್ಧನ ಪಟ ಇತ್ತಂತೆ. ಬಸ್ಸು ಕೈಮರದಲ್ಲಿ ಕೆಟ್ಟು ನಿಂತಾಗ ಒಂದೆರಡು ಸಲ ನಮ್ಮ ಮನೆವರೆಗೆ ನಡೆದು ಬಂದು ನೀರು ಕೇಳಿದ್ದ. ಜಗಲಿ ಕೆಳಗೆ ಬೊಗಸೆ ಒಡ್ಡುತ್ತಿದ್ದ, ನಾನು ಮೇಲಿನಿಂದ ಹುಯ್ಯುತ್ತಿದ್ದೆ. ಒಂದು ಲೋಟ ಕೊಡಬೇಕು ಅಂತ ನನಗೆ ತೋಚಿರಲಿಲ್ಲ. ತೋಚಿದ್ದರೂ ಕೊಡುತ್ತಿದ್ದೆನೋ ಇಲ್ಲವೋ.

ಎಮರ್ಜೆನ್ಸಿ ಮುಗಿದ ಮಾರನೇ ವರ್ಷದ ಬೇಸಿಗೆ. ಅಜ್ಜಂಪುರದ ಸಂತೆ ಮುಗಿಸಿ ಬರುತ್ತಿದ್ದೆವು. ನನಗೂ ಅಕ್ಕನಿಗೂ ಹದಿನೈದು ದಿನದಿಂದ ಮಾತಿರಲಿಲ್ಲ. ಹಿತ್ತಿಲ ಸೀಗೇಕಾಯಿಯನ್ನು ನಾನು ಅವಳಿಗೆ ಹೇಳದೆ ನನ್ನ ತವರಿಗೆ ಕಳಿಸಿದ್ದೆ, ಅದಕ್ಕೆ. ಒಂದೇ ಸೀಟಿನಲ್ಲಿ ಕೂತು ಅವಳು ಕಿಟಕಿ ನೋಡುತ್ತಿದ್ದಳು, ನಾನು ತೊಡೆ ಮೇಲಿದ್ದ ಹೊಸ ಗಡಿಗೆ ನೋಡುತ್ತಿದ್ದೆ.

“ಏನ್ರಮ್ಮಾ, ಇವತ್ತು ಇಬ್ರೂ ಮೌನ?” ಅಂದ ಕಂಡಕ್ಟರು.

“ಕೆಲವ್ರಿಗೆ ಬಾಯಿ ಕಮ್ಮಿ, ಕೈ ಜಾಸ್ತಿ,” ಅಂದಳು ಅಕ್ಕ, ಕಿಟಕಿಗೆ.

ಕೈಮರ ಬಂತು. ಬಸ್ಸು ನಿಧಾನವಾಯಿತು, ಆದರೆ ಅವತ್ತು ಎಂದಿನಷ್ಟು ನಿಧಾನವಾಗಲಿಲ್ಲ. ಕಂಡಕ್ಟರು ನಡುವಿನಲ್ಲಿದ್ದ, “ತಡೀರಿ” ಅಂದ. ಅಕ್ಕ ಆಗಲೇ ಮೆಟ್ಟಿಲ ಮೇಲಿದ್ದಳು. ಅವಳ ಹಿಂದೆ ನಾನು, ಎಡಗೈಯಲ್ಲಿ ಗಡಿಗೆ. ಅವಳು ಮುಖ ಮುಂದೆ ಮಾಡಿ ಎಡಗಾಲು ಇಟ್ಟಳು. ಕಲಿತ ಹಾಗೇ ಇಟ್ಟಳು. ಮೈ ಮುಂದಕ್ಕೆ ಬಾಗಿತು. ಓಡುವವರ ಮೈ ಬಾಗಲೇಬೇಕು. ನನಗೆ ಮಾತ್ರ ಬಿದ್ದಳು ಅನ್ನಿಸಿತು. ಬಲಗೈ ಚಾಚಿ ಅವಳ ರೆಟ್ಟೆ ಹಿಡಿದುಬಿಟ್ಟೆ.

ಹಿಂದಿನಿಂದ ಅವನು ಕೂಗಿದ. “ಬಿಡಿ, ಬಿಡಿ.”

ನಾನು ಬಿಡಲಿಲ್ಲ. ಬಸ್ಸು ಮುಂದೆ, ಅವಳು ಹಿಂದೆ, ನಡುವೆ ನನ್ನ ಕೈ. ಅವಳು ಗಿರ್ರನೆ ನನ್ನ ಕಡೆ ತಿರುಗಿದಳು, ಕಾಲಿಗೆ ಕಾಲು ತೊಡರಿತು, ಸೊಂಟದ ಮೇಲೆ ಬಿದ್ದಳು. ಬಿದ್ದ ಸದ್ದು ಕೇಳಿದ ಮೇಲೆ ಕೈ ಬಿಟ್ಟೆ. ಎಡಗೈಯ ಗಡಿಗೆಗೆ ಒಂದು ಬಿರುಕೂ ಆಗಿರಲಿಲ್ಲ.

ಬಿಡಿ ಅಂದದ್ದನ್ನು ಕೇಳಿ ಡ್ರೈವರು ಗಾಡಿ ಬಿಟ್ಟ. ಐವತ್ತು ಮಾರು ಹೋದ ಮೇಲೆ ಎಲ್ಲರೂ ಕೂಗಿ ನಿಲ್ಲಿಸಿದರು. ಇಂಜಿನ್ನು ಆರಿತು. ಕಂಡಕ್ಟರು ಓಡಿ ಬಂದು ಅಕ್ಕನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಂದು ಮೈಲಿ ನಡೆದು ಮನೆಗೆ ತಂದು ಜಗಲಿ ಮೇಲೆ ಮಲಗಿಸಿದ. ಅವತ್ತು ಅವನು ಜಗಲಿ ಮುಟ್ಟಿದ್ದನ್ನು ಯಾರೂ ಆಡಿಕೊಳ್ಳಲಿಲ್ಲ. ಮೂರು ದಿನ ಬಿಟ್ಟು ಆಡಿಕೊಂಡರು.

ಅಷ್ಟು ನೋವಿನಲ್ಲೂ ಅಕ್ಕ ಮೊದಲು ಅಂದ ಮಾತು ನನಗೆ. “ನೀನು ಹಿಡ್ಕೊಳ್ದಿದ್ರೆ ಚಕ್ರದ ಕೆಳಗೆ ಹೋಗ್ತಿದ್ದೆ ಕಣೇ.” ಹದಿನೈದು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು. ಅಲ್ಲ ಅಕ್ಕ, ಹಿಡಿದದ್ದಕ್ಕೇ ಬಿದ್ದೆ ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ನಾಲ್ಕನೇ ದಿನ ಮಾಲೀಕರ ಕಡೆಯವರು ಜೀಪಿನಲ್ಲಿ ಬಂದರು. ಜಗಲಿ ಮೇಲೆ ಭಾವನವರು, ನಮ್ಮನೆಯವರು, ಊರಿನ ಇಬ್ಬರು ಹಿರಿಯರು. ಡ್ರೈವರು ಕಂಬ ಒರಗಿಕೊಂಡಿದ್ದ. ಕಂಡಕ್ಟರು ಅಂಗಳದಲ್ಲಿ ನಿಂತಿದ್ದ, ಕತ್ತು ಬಗ್ಗಿಸಿಕೊಂಡು. ಭಾವನವರು ಹೇಳಿದ್ದು ಒಂದೇ. “ಪೊಲೀಸು, ಕೋರ್ಟು ನಮಗೆ ಬೇಡ. ಇವನು ಆ ಬಸ್ಸಲ್ಲಿ ಇರಕೂಡದು.”

“ಹೆಂಗಸು ಇನ್ನೂ ಇಳೀತಿದ್ದಾಗ ಬಿಡಿ ಅಂದ, ನಾನು ಬಿಟ್ಟೆ,” ಅಂದ ಡ್ರೈವರು.

ಬಸ್ಸಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು, ಅಲ್ಲ ಅನ್ನುವಂತಿರಲಿಲ್ಲ. ಸ್ವಲ್ಪ ಯೋಚಿಸಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಡ್ರೈವರಿಗೆ ಅವನು ಯಾವತ್ತೂ ಬಿಡಿ ಅಂದವನಲ್ಲ. ‘ಹೋಗ್ಲಿ ಅಣ್ಣ’ ಅನ್ನುತ್ತಿದ್ದ, ಇಲ್ಲ ಸೀಟಿ ಊದುತ್ತಿದ್ದ. ಯೋಚಿಸುವ ಅಗತ್ಯ ಯಾರಿಗೂ ಇರಲಿಲ್ಲ. ಯಾವ ಕೇರಿಯವನು ಅಂತ ಗೊತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

ಜೀಪಿನವರು ನನ್ನನ್ನು ಬಾಗಿಲಿಗೆ ಕರೆಸಿದರು. “ನೀವು ಹತ್ರದಲ್ಲೇ ಇದ್ರಲ್ಲಮ್ಮಾ. ಬಿಡಿ ಅಂದ್ನಾ?”

“ಅಂದ,” ಅಂದೆ.

ಸುಳ್ಳಲ್ಲ. ಅದೇ ನೋಡಿ ಅದರ ಕೆಟ್ಟತನ.

ಅವರು ಅಂಗಳಕ್ಕೆ ತಿರುಗಿ ಕೇಳಿದರು. “ಯಾರಿಗೆ ಅಂದೆಯೋ?”

ಅವನು ಕತ್ತೆತ್ತಿ ಒಂದು ಸಲ ನನ್ನ ಕಡೆ ನೋಡಿದ. ಸೂರು ಇಲ್ಲದ ಕಡೆ ಅವನು ಕತ್ತು ನೆಟ್ಟಗೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಬಸ್ಸಲ್ಲಿ ಬಿಡಿ ಅಂದ್ರೆ ಇನ್ಯಾರಿಗೆ ಅಂತಾರೆ ಸ್ವಾಮಿ,” ಅಂದ.

ಒಳಗಿನಿಂದ ಅಕ್ಕ ಕೂಗಿದಳು. “ಅವಳು ಹಿಡ್ಕೊಂಡಿದ್ದುಕ್ಕೆ ಜೀವ ಉಳೀತು, ಬರ್ಕೊಳ್ಳಿ ಅದ್ನೂ.” ಅದನ್ನೂ ಬರೆದುಕೊಂಡರು. ಅವನು ಹೆಗಲ ಚೀಲ, ಸೀಟಿ, ಟಿಕೇಟಿನ ಕಟ್ಟು ತೆಗೆದು ಜಗಲಿಯ ತುದಿಯಲ್ಲಿಟ್ಟ. ಕಿವಿಯ ಪೆನ್ಸಿಲ್ಲು ಮರೆತು ಹಾಗೇ ಹೋದ.

ನಾನು ಯಾಕೆ ಸುಮ್ಮನಿದ್ದೆ? ಸೀಗೇಕಾಯಿ ಜಗಳ ಊರಿಗೆಲ್ಲ ಗೊತ್ತಿತ್ತು, ನಿಜ ಹೇಳಿದ್ದರೆ ಬೇಕೆಂದೇ ಎಳೆದಳು ಅನ್ನುತ್ತಿದ್ದರು. ಅದು ಮೊದಲನೆಯ ದಿನದ ಕಾರಣ. ಆಮೇಲಿನ ಕಾರಣ ಬೇರೆ. ಅಕ್ಕ ನನ್ನನ್ನು ಹಚ್ಚಿಕೊಂಡುಬಿಟ್ಟಳು. ಕೋಲು ಹಿಡಿದು ಒಳಗೂ ಹೊರಗೂ ಆದಳೇ ಹೊರತು ಮೊದಲಿನ ಹಾಗೆ ನಡೆಯಲಿಲ್ಲ, ಮತ್ತೆ ಬಸ್ಸು ಹತ್ತಲೂ ಇಲ್ಲ. ಬಂದವರಿಗೆಲ್ಲ ಎರಡು ಮಾತು ಹೇಳುವಳು. ಒಂದು, ಸೊಂಟ ಮುರಿದವನು ಆ ಕಂಡಕ್ಟರು. ಎರಡು, ಜೀವ ಉಳಿಸಿದವಳು ಇವಳು. ಮಠದ ಸ್ವಾಮಿಗಳು ಪಾದಪೂಜೆಗೆ ಬಂದಾಗ ಅವರಿಗೂ ಹೇಳಿದಳು. ಸ್ವಾಮಿಗಳು ನನಗೆ ಎರಡು ಹೂವು ಹೆಚ್ಚಾಗಿ ಕೊಟ್ಟರು. ನಾನು ತೆಗೆದುಕೊಂಡೆ. ಅವಳಿಗೆ ನೀರು ಕಾಯಿಸಿ ಹುಯ್ದು, ತಲೆ ಬಾಚಿ, ಹಾಸಿಗೆ ಬಿಡಿಸಿ ಹನ್ನೊಂದು ವರ್ಷ ಕಳೆದೆ. ಊರವರು ಎಂಥ ಓರಗಿತ್ತಿ ಅಂದರು. ಆ ಹೊಗಳಿಕೆ ಕೇಳಿ ಆದಷ್ಟು ಸುಸ್ತು ನನಗೆ ಯಾವ ಕೆಲಸದಿಂದಲೂ ಆಗಲಿಲ್ಲ.

ನಡುವೆ ಒಂದು ಸಲ ಅವನನ್ನು ಕಂಡೆ. ಅಕ್ಕ ಬಿದ್ದು ಆರು ವರ್ಷವಾಗಿತ್ತು. ತರೀಕೆರೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಂಪುರ, ಅಜ್ಜಂಪುರ, ಬೀರೂರು, ಕಡೂರು ಅಂತ ಕೂಗುತ್ತಿದ್ದ. ಕತ್ತು ನೋಡಿ ಗುರುತು ಹಿಡಿದೆ. ಬಸ್ಸು ಹತ್ತುವ ಕೆಲಸ ಹೋಗಿ, ಬಸ್ಸಿಗೆ ಜನ ಹತ್ತಿಸುವ ಕೆಲಸ ಆಗಿತ್ತು. ಹತ್ತಿಸುವಾಗಲೂ ಒಬ್ಬ ಮುದುಕಿಗೆ ‘ಕೈಮರದಲ್ಲಿ ಇಳಿಯೋವಾಗ ಮುಖ ಮುಂದೆ’ ಅನ್ನುತ್ತಿದ್ದ.

ನನ್ನನ್ನು ಕಂಡು ಟೀ ಹೇಳಿದ. “ಕುಡೀತೀರಾ ಅಮ್ಮಾ, ನಾನು ತಂದಿದ್ದು?” ಅಂದ. ಕುಡಿದೆ.

“ಹೆಂಗವ್ರೆ ಅವ್ವಾರು?”

“ಕೋಲಿಡ್ಕೊಂಡು ಓಡಾಡ್ತಾರೆ. ನಿನ್ನ ಬೈತಾರೆ.”

“ಬೈಲಿ. ಚೆನ್ನಾಗಿ ಇಳೀತಿದ್ರು. ನನ್ನ ಬಸ್ಸಲ್ಲಿ ಅವರಷ್ಟು ಚೆಂದ ಯಾರೂ ಇಳೀತಿರ್ಲಿಲ್ಲ.”

ನನಗೆ ತಡೆಯಲಾಗಲಿಲ್ಲ. “ಅವತ್ತು ನನ್ನ ಕೈ ನೋಡ್ದೆ ಅಲ್ವೇನಪ್ಪಾ ನೀನು?”

“ನೋಡ್ದೆ.”

“ಹೇಳ್ಬೋದಿತ್ತಲ್ಲ.”

“ಹೇಳಿದ್ರೆ ಯಾರು ನಂಬ್ತಿದ್ರು? ನಂಬಿದ್ರೂ ಕಷ್ಟವೇ. ನಂಗೆ ಈ ಬಸ್ಸಲ್ದಿದ್ರೆ ಇನ್ನೊಂದು. ನೀವಿಬ್ರೂ ಅದೇ ಒಲೆ ಮುಂದೆ ಕೂರ್ಬೇಕಿತ್ತಲ್ಲ.” ಟೀ ಮುಗಿಸಿ ಲೋಟ ಕುಕ್ಕಿದ. “ಬೈಸ್ಕೊಳ್ಳೋದೇನು ನಮಗೆ ಹೊಸದಾ ಅಮ್ಮಾ.”

ಆ ಇನ್ನೊಂದು ಬಸ್ಸು ಅವನಿಗೆ ಸಿಕ್ಕಿರಲಿಲ್ಲ. ಹೆಂಗಸಿನ ಸೊಂಟ ಮುರಿದವನು ಅನ್ನುವ ಮಾತು ಕಡೂರಿನಿಂದ ತರೀಕೆರೆವರೆಗೆ ಅವನಿಗಿಂತ ಮುಂದೆ ಓಡಿತ್ತು. ಅದನ್ನು ಅವನು ಹೇಳಲಿಲ್ಲ, ಟೀ ಅಂಗಡಿಯವನು ಹೇಳಿದ. ಹತ್ತಿಸುವಾಗ ನನ್ನ ಕೈಯನ್ನು ತೆಗೆದು ಸರಳಿನ ಮೇಲಿಟ್ಟ, ಆ ಗುಮಾಸ್ತರಿಗೆ ಇಟ್ಟ ಹಾಗೆ. “ಹೋಗ್ಲಿ ಅಣ್ಣ,” ಅಂತ ಡ್ರೈವರಿಗೆ ಕೂಗಿದ.

ಅದಾದ ಮೇಲೂ ಐದು ವರ್ಷ ನಾನು ಸುಮ್ಮನಿದ್ದೆ.

ಹೋದ ತಿಂಗಳು ಅಂಗಡಿ ಸಾಮಾನು ತಂದ ನಮ್ಮ ದೊಡ್ಡ ಮಗ ಕಂಡಕ್ಟರ ಸುದ್ದಿ ಹೇಳಿದ. ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು, ಆಸ್ಪತ್ರೆಯಲ್ಲಿ ಹೋದನಂತೆ. ಅಕ್ಕ ಪಡಸಾಲೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದಳು.

“ಕಾಲಾ?” ಅಂದಳು. “ನನ್ನ ನಡಿಗೆ ಕಿತ್ಕೊಂಡೋನಿಗೆ ಕಾಲೇ ಹೋಯ್ತಾ. ಶಿವ ನೋಡ್ಕೊತಾನೆ ಅಂತಿದ್ದೆ, ನೋಡ್ಕೊಂಡ ನೋಡು.”

ಕೇಳಿಕೊಂಡು ಅಡಿಗೆಮನೆಗೆ ಹೋದೆ. ಮುದ್ದೆ ತೊಳಸಿದೆ, ಬಡಿಸಿದೆ, ಉಂಡೆ.

ಮಾರನೇ ದಿನ ಬೆಳಿಗ್ಗೆ ಎಂದಿನ ಹಾಗೆ ಹಂಡೆ ಕಾಯಿಸಿ ಅಕ್ಕನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿದೆ. ಎರಡು ತಂಬಿಗೆ ಹುಯ್ದು ನಿಲ್ಲಿಸಿದೆ.

“ಅಕ್ಕ, ಅವನು ಬಿಡಿ ಅಂದಿದ್ದು ನನಗೆ. ನಿನ್ನ ರೆಟ್ಟೆ ಬಿಡು ಅಂತ. ನಾನು ಬಿಡ್ಲಿಲ್ಲ. ನೀನು ಸರಿಯಾಗೇ ಇಳ್ದಿದ್ದೆ. ನಾನು ಹಿಡಿದಿದ್ದುಕ್ಕೇ ನೀನು ಬಿದ್ದಿದ್ದು.”

ಅವಳು ಬೆನ್ನು ಕೊಟ್ಟು ಕೂತಿದ್ದಳು.

“ಸರಿಯಾಗೇ ಇಳ್ದಿದ್ನಾ?” ಅಂದಳು.

“ಸರಿಯಾಗೇ. ಎಡಗಾಲು ಮೊದ್ಲು.”

“ಹನ್ನೊಂದು ವರ್ಷ ಅವನ್ನ ಬೈದೆ, ನಿನ್ನ ಹೊಗಳ್ದೆ. ಎರಡೂ ದಂಡವಾಯ್ತು.” ಒದ್ದೆ ಕೂದಲು ಮುಂದಕ್ಕೆ ಎಳೆದುಕೊಂಡು, “ಇನ್ನು ನಿನ್ನ ಬೈಯೋಣ ಅಂದ್ರೆ ನಂಗೆ ಶಕ್ತಿ ಎಲ್ಲೈತೆ. ನೀರು ಆರ್ತೈತೆ, ಹುಯ್ಯಿ.”

ಹುಯ್ದೆ. ಹಂಡೆ ಮುಗಿಯಿತು. ಅವಳು ಏಳಲು ಗೋಡೆಗೆ ಕೈ ಕೊಟ್ಟಳು. ನಾನು ಅಭ್ಯಾಸದ ಮೇಲೆ ಬಗ್ಗಿ ಅವಳ ರೆಟ್ಟೆ ಹಿಡಿದೆ.

“ಬಿಡೇ,” ಅಂದಳು.

ಬಿಟ್ಟೆ.